ಮಾತಿನ ಗುಂಡಿಗಳು

"ನೀರು" ಎಂದಿತು ಕಂಪ್ಯೂಟರ್. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಗಂಡ ಪರದೆಯ ಮೇಲಿನ ಮೊದಲ ಗುಂಡಿ ಒತ್ತಿದ್ದ. ಮೊದಲು ಹೊಲಿಗೆ ಯಂತ್ರ ಬಿಟ್ಟು ಬೇರೆ ಯಂತ್ರ ಮುಟ್ಟಿರದಿದ್ದ ಹೆಂಡತಿ ಹಿಗ್ಗಿ ಚಪ್ಪಾಳೆ ತಟ್ಟಿದಳು. ಅವನಿಗಾಗಿಯೇ ಮಗಳಿಂದ ಪ್ರೋಗ್ರಾಮ್ ಬರೆಯಲು ಕಲಿತು ಈ ಗುಂಡಿಗಳನ್ನು ಮಾಡಿದವಳಿಗೆ ಈಗ ಅದರದೇ ಹುಚ್ಚು. ಕೂತರೆ ಊಟ, ನಿದ್ದೆಯ ಪರಿವೆಯಿಲ್ಲ. ಅವನು ಪಕ್ಕದ ಕೋಣೆಯಲ್ಲಿ ಒಬ್ಬನೇ ಮಲಗಿರುತ್ತಿದ್ದ.

"ನೋವು." "ದೀಪ." "ಸಾಕು." ಎಲ್ಲ ಗುಂಡಿಗಳನ್ನೂ ಒತ್ತಿದವನು ಮತ್ತೆ ಮೊದಲಿನಿಂದ ಒತ್ತತೊಡಗಿದ.

"ಅಪ್ಪಾ, ಏನು ಹುಡುಕ್ತಿದೀರಾ?" ಮಗಳು ಕೇಳಿದಳು. "ಏನಾದ್ರೂ ಬಿಟ್ಟುಹೋಗಿದ್ರೆ ತೋರಿಸಿ, ಅಮ್ಮ ಈಗ್ಲೇ ಸೇರಿಸ್ತಾಳೆ."

ಅವನು ಬೆರಳೆತ್ತಿ ಹೆಂಡತಿಯನ್ನು ತೋರಿಸಿದ.

ಮೊದಲೆಲ್ಲ ದಿನವಿಡೀ "ಲೇ ಇವಳೇ" ಎಂದು ಕೂಗುತ್ತಿದ್ದ ಮನುಷ್ಯ. ತನ್ನನ್ನು ಕರೆಯಲೂ ಅವನಿಗೊಂದು ಗುಂಡಿ ಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.