ದಡ್ಡನಿಗೆ ಹೇಳಿದ ಹಾಗೆ

ನೋಟ್‌ಬುಕ್ಕಿನ ಮೇಲೆ ಗುರುತಿಗೆಂದು ಎಣಿಸಿಟ್ಟಿದ್ದ ಮೂರು ಕಡಲೆಬೀಜಗಳು ಇಂದೂ ಇರಲಿಲ್ಲ. ಒಳಗಿನ ಹಾಳೆಗೆ ಕೆಂಪು ಸಿಪ್ಪೆ ಅಂಟಿತ್ತು. ಹನುಮಂತರಾಯಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಾರೋ ಪುಸ್ತಕ ತೆಗೆದು ನೋಡಿದ್ದರು. ಬೀಜ ತಿಂದದ್ದು ಬೇರೆ.

ಕಳ್ಳಿ ಯಾರೆಂದು ಅವನಿಗೆ ಗೊತ್ತಿತ್ತು. ಮಜ್ಜಿಗೆ ತಂದಿಟ್ಟ ಬಸವರಾಜೇಶ್ವರಿಯ ಬೆರಳಿಗೆ ಮಸಿ ಹತ್ತಿತ್ತು. ಅವನು ತಂಗಿದ್ದ ಮನೆಯ ವಕೀಲರ ಒಬ್ಬಳೇ ಮಗಳು, ಎರಡನೇ ಫಾರಂಗೆ ಶಾಲೆ ಬಿಟ್ಟವಳು. ಮದ್ರಾಸಿನ ಲಾ ಕಾಲೇಜಿನ ನೋಟ್ಸು ಅವಳಿಗೆ ಯಾಕೆ? ಅಕ್ಷರಕ್ಕಲ್ಲ, ಬರೆದವನಿಗೆ ಮನಸೋತಿದ್ದಾಳೆ. ಅಂದಿನಿಂದ ಅವನು ತಲೆಗೆ ಎರಡು ಹೊತ್ತು ಎಣ್ಣೆ ಹಚ್ಚತೊಡಗಿದ.

ಅವನು ರಾಯದುರ್ಗಕ್ಕೆ ಬಂದದ್ದು ಅದಕ್ಕಲ್ಲ. ಬಿ.ಎಲ್. ಒಮ್ಮೆ ಫೇಲಾಗಿತ್ತು. ಮಡಕಶಿರದಲ್ಲಿ ಅಪ್ಪ ಚಿಕ್ಕತಿಮ್ಮಯ್ಯ ಖಡಾಖಂಡಿತ ಹೇಳಿದ್ದ: "ಇನ್ನೊಂದ್ಸಲ ಡುಮ್ಕಿ ಹೊಡೆದ್ರೆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಕಂಡು ಬಿದ್ದಿರು. ಅವು ಇಂಗ್ಲೀಷು ಕೇಳಲ್ಲ." ಹಾಗಾಗಿ ಪಳಗಿದವರ ಹತ್ತಿರ ಎರಡು ತಿಂಗಳು ಕೂತು ಕಲಿಯಲು ಬಂದಿದ್ದ. ಈಶ್ವರಯ್ಯ ಇಪ್ಪತ್ತು ವರ್ಷದಿಂದ ಕೋರ್ಟಿನಲ್ಲಿ ಗುಡುಗುತ್ತಿದ್ದ ಎರಡನೇ ದರ್ಜೆ ಪ್ಲೀಡರು; ಆ ಸನ್ನದಿಗೆ ಬಿ.ಎಲ್. ಬೇಕಿರಲಿಲ್ಲ, ಆದರೂ ಊರಿಗೆಲ್ಲ ವಕೀಲರೇ. ಬಾಗಿಲ ಬೋರ್ಡಿನಲ್ಲಿ ಅವರ ಹೆಸರಾದ ಮೇಲೆ ಒಂದು ಗೇಣು ಜಾಗ ಖಾಲಿ ಇತ್ತು.

ಅವರು ಕಲಿಸುವ ರೀತಿಯೇ ಬೇರೆ. ತಾವು ಏನೂ ಹೇಳುತ್ತಿರಲಿಲ್ಲ. ಕಣ್ಣು ಮುಚ್ಚಿ, ಏನನ್ನೋ ಜಗಿಯುತ್ತ ಕೂತುಬಿಡುತ್ತಿದ್ದರು.

"ಕರಾರು ಅಂದ್ರ ಏನು ಹೇಳು, ತಮ್ಮಾ. ನಾ ಏನೂ ತಿಳೀದ ದಡ್ಡ ಅಂತ ತಿಳ್ಕೊಂಡು ಹೇಳು."

ಅವನು ಹೇಳುತ್ತಿದ್ದ.

"ದಡ್ಡಗ ತಿಳೀಲಿಲ್ಲ. ಇನ್ನೊಮ್ಮೆ."

ಒಂದೇ ಸೆಕ್ಷನ್ನು ಐದು ಸಲ. ಗಂಟಲು ಒಣಗುತ್ತಿತ್ತು. ಆದರೆ ಐದನೇ ಸಲಕ್ಕೆ ಅವನಿಗೇ ಅರ್ಥವಾಗುತ್ತಿತ್ತು. ಎಂಥ ಗುರು! ಕಕ್ಷಿದಾರರು ಬಂದರೆ, "ಆಮ್ಯಾಲೆ ಬರ್ರಿ, ಪರೀಕ್ಷಾ ಹತ್ರ ಬಂದೈತಿ" ಎಂದು ಮುಖದ ಮೇಲೆ ಬಾಗಿಲು ಹಾಕುತ್ತಿದ್ದರು. ಸ್ವಂತ ಅಪ್ಪನೂ ಅವನಿಗಾಗಿ ಇಷ್ಟು ಕಳವಳ ಪಟ್ಟಿರಲಿಲ್ಲ.

ಹೊರಡುವ ದಿನ ಕಾಲಿಗೆ ಬೀಳಲು ಹುಡುಕಿದರೆ ಗುರುಗಳೇ ಇಲ್ಲ.

"ಅಪ್ಪಾರು ನಿನ್ನೇನ ಹೊರಗೂರಿಗೆ ಹೋಗ್ಯಾರ್ರಿ" ಎಂದು ಬಸವರಾಜೇಶ್ವರಿ ಬುತ್ತಿ ಮುಂದಿಟ್ಟಳು.

ಅವನು ಧೈರ್ಯ ಮಾಡಿದ. "ನನ್ನ ನೋಟ್ಸು ಕಾಪಿ ಮಾಡ್ಕಂಡ್ರಿ ಅಲ್ವಾ?"

ಅವಳು ನೆಲ ನೋಡಿದಳು. "ಹೌದ್ರಿ. ಪೂರಾ."

"ಯಾತಕ್ಕೆ?"

"ನಮ್ಮ ಮನ್ಯಾಗ ಒಬ್ರಾದ್ರೂ ಪಾಸಾಗ್ಲಿ ಅಂತ್ರಿ."

ನಮ್ಮ ಮನೆ! ಗುಂತಕಲ್ಲು ದಾಟುವವರೆಗೂ ಅವನು ಆ ಮನೆಯ ಅಳಿಯನಾಗಿಯೇ ಪ್ರಯಾಣ ಮಾಡಿದ. ಜಾತಿ ಬೇರೆ ಎಂಬುದು ಬುತ್ತಿ ಖಾಲಿಯಾದ ಮೇಲೆ ನೆನಪಾಯಿತು.

ಮದ್ರಾಸಿನ ಪರೀಕ್ಷೆಯ ಹಾಲಿನಲ್ಲಿ ಕೂತಾಗ ರೇಷ್ಮೆ ಹುಳಗಳು ಕಣ್ಣ ಮುಂದೆ ಹರಿದಾಡಿದವು. ಅವನು ಕಣ್ಣು ಮುಚ್ಚಿ, ಗುರುವಿಗೆ ಮನಸ್ಸಿನಲ್ಲೇ ಕೈಮುಗಿದು, ಕರಾರು ಅಂದರೆ ಏನೆಂದು ದಡ್ಡನಿಗೆ ಹೇಳಿದ ಹಾಗೆ ಒಮ್ಮೆ ಹೇಳಿಕೊಂಡ. ಎಲ್ಲ ನೆನಪಿತ್ತು. ಎಲ್ಲೋ ಕಡಲೆಬೀಜ ಜಗಿಯುವ ಸದ್ದು. ಕಣ್ಣು ತೆರೆದ.

ಮುಂದಿನ ಬೆಂಚಿನ ನರೆತ ತಲೆಯೊಂದು ಮೆಲ್ಲಗೆ ಹಿಂದಕ್ಕೆ ತಿರುಗಿತು: "ನಂದು ಇದು ಏಳನೇ ಸಲ, ತಮ್ಮಾ. ಈ ಸಲ ಮೇಷ್ಟ್ರು ಛಲೋ ಸಿಕ್ಕಿದ್ರು."