ಟೈರಿನೊಳಗಿದ್ದ ಮುಳ್ಳು

ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಬಂದರೆ ಈಗಲೂ ಅಮ್ಮನ ಕೈ ನೆನಪಾಗುತ್ತದೆ.

ಆಗ ನಾನು ಎಂಟನೇ ತರಗತಿ. ಪೆರೇಸಂದ್ರದ ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗಬೇಕಿತ್ತು. ಒಂದೇ ವಾರದಲ್ಲಿ ಮೂರನೇ ಸಲ ಪಂಕ್ಚರ್ ಆದ ಮಧ್ಯಾಹ್ನ ತಾತ ಅಮ್ಮನಿಗೆ, "ಹೆಣ್ಮಗು ಅಷ್ಟು ದೂರ ಸೈಕಲ್ ತಳ್ಕೊಂಡು ಬರೋದು ಬೇಡ. ಸ್ಕೂಲು ಬಿಡಿಸಿಬಿಡಮ್ಮ" ಎಂದರು.

ಅಮ್ಮ ಸೌಟಿನ ಹಿಡಿಯಿಂದ ಟೈರು ಎಬ್ಬಿಸಿ, ಟ್ಯೂಬನ್ನು ಬಕೆಟ್ಟಿನ ನೀರಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಒರೆಸಿ, ಸೊಲ್ಯೂಷನ್ ಹಚ್ಚಿ ಪ್ಯಾಚು ಅಂಟಿಸಿದಳು. ಆಮೇಲೆ ಟೈರಿನ ಒಳಗೆಲ್ಲ ನಿಧಾನವಾಗಿ ಬೆರಳಾಡಿಸಿದಳು. ಒಂದು ಕಡೆ ಬೆರಳು ತಟ್ಟನೆ ನಿಂತಿತು. ರಕ್ತ ಬಂದಿತ್ತು. ಮುರಿದ ಜಾಲಿಮುಳ್ಳೊಂದನ್ನು ಕಿತ್ತು ತಾತನ ಅಂಗೈಗೆ ಹಾಕಿದಳು.

"ತಪ್ಪು ಈ ಮುಳ್ಳಿಂದು ಮಾವ. ಮಗು ಯಾಕೆ ಸ್ಕೂಲು ಬಿಡ್ಬೇಕು?"

ತಾತ ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಂಚೆ ಎತ್ತಿಕಟ್ಟಿ, ಟ್ಯೂಬು ಟೈರು ಕೂರಿಸಿ, ಪಂಪು ತಾವೇ ಹಿಡಿದು ಗಾಳಿ ಹೊಡೆಯತೊಡಗಿದರು.