ಸ್ಮೃತಿಪತ್ರಿಕೆ

"ಒಂದೂ ಇಲ್ಲ ಅಪ್ಪ," ಎಂದ ಬಸವಕುಮಾರ್, ಕ್ಯಾಮೆರಾವನ್ನು ಟಿವಿಗೆ ಜೋಡಿಸಿದ್ದ ತಂತಿಯನ್ನು ಮೂರನೆಯ ಸಲ ಕಿತ್ತು, ಮೂರನೆಯ ಸಲ ಚುಚ್ಚಿ. "ಬೆಳಿಗ್ಗೆಯಿಂದ ತೆಗೆದ ಫೋಟೋ ಒಂದೂ ಇಲ್ಲ."

ಆರ್‌ಪಿಸಿ ಲೇಔಟಿನ ಆ ಮನೆಯಲ್ಲಿ ಹೊಸ ಮೇಲಂತಸ್ತಿನ ಗೃಹಪ್ರವೇಶ ಮುಗಿದು, ಕೊನೆಯ ನೆಂಟರ ಆಟೋ ತಿರುವಿನಲ್ಲಿ ಮರೆಯಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಹೋದ ಫೋಟೋಗಳ ಪೈಕಿ ಬಹುತೇಕವು ದುಃಖಿಸತಕ್ಕವಲ್ಲ: ತೋರಣ ಬಾಗಿಲಲ್ಲೇ ಇತ್ತು, ಹೋಳಿಗೆ ಉಳಿದಿತ್ತು, ಹಾಲನ್ನು ಇನ್ನೊಮ್ಮೆ ಉಕ್ಕಿಸಬಹುದಿತ್ತು. ಮತ್ತೆ ಆಗದ್ದು ಒಂದೇ. ಮನೆಯ ಯಜಮಾನ ಬಸವಲಿಂಗಪ್ಪನವರ ಪತ್ನಿ ಜಗದಾಂಬಾ ಮತ್ತು ಆಕೆಯ ತಂಗಿ ಗುರುದೇವಿ ಭುಜಕ್ಕೆ ಭುಜ ತಾಗಿಸಿ ನಿಂತ ಫೋಟೋ. ಆರು ವರ್ಷಗಳ ಹಿಂದೆ ಬಸವಕುಮಾರನ ಲಗ್ನಪತ್ರಿಕೆಯಲ್ಲಿ ತಮ್ಮ ಹೆಸರಿನ ಹಿಂದೆ 'ಶ್ರೀಮತಿ' ಬಿಟ್ಟುಹೋಯಿತೆಂದು ಮುನಿದ ಗುರುದೇವಿ, ನಂದಿನಿ ಲೇಔಟಿನಿಂದ ಈ ಮನೆಗೆ ಮತ್ತೆ ಕಾಲಿಟ್ಟದ್ದು ಇಂದೇ. ಆ ಪತ್ರಿಕೆಯ ಒಕ್ಕಣೆ ಬಸವಲಿಂಗಪ್ಪನವರದು. ಹೊರಡುವಾಗ ಆಕೆ ಹೇಳಿಹೋಗಿದ್ದರು: "ಭಾವ, ಅಕ್ಕನ ಜೊತೆ ತೆಗೆಸಿದ ಫೋಟೋ ಸಂಜೆಯೊಳಗೆ ಕಳಿಸಿ. ಈ ಸಲನಾದ್ರೂ ನನ್ನ ಬಿಡಬೇಡಿ."

"ನಾನು ಹೇಳುತ್ತಲೇ ಇದ್ದೆ," ಎಂದರು ಬಸವಲಿಂಗಪ್ಪ, ಸಂತಾಪಕ್ಕಿಂತ ಸಂತೋಷವೇ ಒಂದು ತೂಕ ಹೆಚ್ಚಿದ್ದ ದನಿಯಲ್ಲಿ. ಸರ್ಕಾರಿ ಸುತ್ತೋಲೆಗಳನ್ನು ಮೂವತ್ತು ವರ್ಷ ಕನ್ನಡಕ್ಕೆ ತಂದು ನಿವೃತ್ತರಾದ ಅವರಿಗೆ, ಕಂಪನಿಯೊಂದು ತನ್ನ ಕ್ಯಾಮೆರಾದ ಕೈಪಿಡಿಯನ್ನು ಭಾಷಾಂತರಕ್ಕೆ ಕೊಟ್ಟಿತ್ತು. ಅದೇ ಕ್ಯಾಮೆರಾವನ್ನು ಮನೆಗೆ ತಂದದ್ದು ಪೆಟ್ಟಿಗೆಯಲ್ಲಿ ತಮ್ಮ ಕೈಪಿಡಿ ಇರುತ್ತದೆಂಬ ಕಾರಣಕ್ಕೆ. ಪೂಜೆಗೆ ಎರಡನ್ನೂ ಇಟ್ಟಿದ್ದರು. ಅವರು ವಿಭೂತಿ ಹಚ್ಚಿದ್ದು ಮಾತ್ರ ಕೈಪಿಡಿಗೆ. ಕೈಪಿಡಿ ಓದದವರು ಕ್ಯಾಮೆರಾ ಮುಟ್ಟಕೂಡದು, ಸಮಾರಂಭದಲ್ಲಿ ಯಾರೂ ಮೊಬೈಲ್ ಎತ್ತಕೂಡದು ಎಂಬ ಎರಡು ಆಜ್ಞೆಗಳೂ ಹೊರಟಿದ್ದವು. ನೆಂಟರು ಮರ್ಯಾದಸ್ಥರು, ಎರಡನ್ನೂ ಪಾಲಿಸಿದ್ದರು.

"ಎಪ್ಪತ್ತೆರಡು ಪುಟ, ಚಿತ್ರಸಮೇತ. ಈ ಮನೆಯಲ್ಲಿ ಒಬ್ಬರಾದರೂ ತೆರೆದು ನೋಡಿದಿರಾ?"

"ನಾನು ಓದಿದೀನಿ ಮಾವ," ಎಂದಳು ಸೊಸೆ ಚೇತನಾ, ನೆಲದ ಮೇಲೆ ಉದುರಿದ್ದ ಮಾವಿನೆಲೆಗಳನ್ನು ಹೆಕ್ಕುತ್ತ. "ಎರಡು ಸಲ. ಅದಕ್ಕೇ ಅಲ್ವಾ ಕ್ಯಾಮೆರಾ ನನ್ನ ಕೈಗೆ ಕೊಟ್ಟಿದ್ದು."

ಹೌದಲ್ಲ. ಆದರೆ ಆಗ 'ಓದಿದೀನಿ' ಎಂದದ್ದನ್ನು ಬಸವಲಿಂಗಪ್ಪನವರು ಸೊಸೆಯ ವಿನಯವೆಂದು ತಿಳಿದಿದ್ದರೇ ಹೊರತು ಸತ್ಯವೆಂದಲ್ಲ. ತಮ್ಮ ಕೈಪಿಡಿಗೆ ಓದುಗರಿದ್ದಾರೆಂಬ ಸುದ್ದಿ ಅವರಿಗೇ ಹೊಸದು. ಕುರ್ಚಿಯ ತುದಿಗೆ ಸರಿದು ಪರೀಕ್ಷಕರಾದರು.

"ಹನ್ನೊಂದನೆಯ ಪುಟದಲ್ಲಿ ಏನಿದೆ?"

"'ಸ್ಮೃತಿಪತ್ರಿಕೆಯನ್ನು ಗ್ರಾಹಕರು ಪ್ರತ್ಯೇಕವಾಗಿ ಹೊಂದಿಸಿಕೊಳ್ಳತಕ್ಕದ್ದು. ತದಭಾವದಲ್ಲಿ ಬಿಂಬಗಳು ಕ್ಷಣಕಾಲ ಗೋಚರಿಸಿ ಲಯಿಸುವುವು.'" ಚೇತನಾ ಒಂದಕ್ಷರ ತಪ್ಪದೆ ಒಪ್ಪಿಸಿದಳು.

"ಭೇಷ್. ಹೊಂದಿಸಿದೆಯಾ?"

"ಹೂಂ ಮಾವ. ವಿಜಯನಗರದಲ್ಲಿ ಪ್ರಿಂಟ್ ಹಾಕಿಸ್ಕೊಂಡು ಬಂದ್ನಲ್ಲ, ನೂರು. ಮನೆ ಹೆಸರು, ತಾರೀಖು, ನೆನಪಿಗೆ ಅಂತ. ತಾಂಬೂಲದ ಜೊತೆ ಎಲ್ಲರಿಗೂ ಕೊಟ್ವಿ. ನೀವೇ ಕಾಗುಣಿತ ತಿದ್ದಿಕೊಟ್ರಿ."

ತಿದ್ದಿಕೊಟ್ಟದ್ದು ನಿಜ. ಮೇಜಿನ ಮೇಲೆ ಉಳಿದಿದ್ದ ಗುಲಾಬಿ ಬಣ್ಣದ ಕಾರ್ಡುಗಳ ನೆತ್ತಿಯಲ್ಲಿ 'ಸ್ಮೃತಿಪತ್ರಿಕೆ' ಎಂದು ಅಂದವಾಗಿ ಅಚ್ಚಾಗಿತ್ತು. ಈ ಕಾಲದ ಹುಡುಗಿಗೆ ಇಂಥ ಪದ ಗೊತ್ತಲ್ಲ ಎಂದು ಅವರು ಬೆಳಿಗ್ಗೆ ಮೂವರು ನೆಂಟರ ಮುಂದೆ ಕೊಂಡಾಡಿಯೂ ಇದ್ದರು.

ಬಸವಕುಮಾರ್ ಕ್ಯಾಮೆರಾದ ಮುಚ್ಚಳ ತೆಗೆದು, ಖಾಲಿ ಸಂದಿಯೊಳಗೆ ಇಣುಕಿದ. "ಮೆಮರಿ ಕಾರ್ಡ್ ಕಣೇ ಅದು. ಹಾಕೇ ಇಲ್ಲ."

"ಮೆಮರಿ ಕಾರ್ಡ್ ಅಂತ ಬರೆದಿದ್ರೆ ಹಾಕ್ತಿರ್ಲಿಲ್ವಾ? ಮೊಬೈಲ್ ಥರ ಒಳಗೇ ಇರುತ್ತೆ ಅಂದ್ಕೊಂಡೆ. ಒತ್ತಿದ ತಕ್ಷಣ ಫೋಟೋ ಕಾಣ್ತಾನೂ ಇತ್ತು."

"ಲಯಿಸುವುವು ಅಂತ ಓದಿದ್ಯಲ್ಲ?"

"ಓದ್ದೆ. ಮಠದಲ್ಲಿ ಪ್ರವಚನ ಕೇಳಿದ ಹಾಗಿತ್ತು. ಮಾವ ಮಧ್ಯೆ ಒಂದು ನೀತಿನೂ ಸೇರಿಸಿದಾರೆ ಅಂದ್ಕೊಂಡು ಮುಂದಕ್ಕೆ ಹೋದೆ."

ಬಸವಕುಮಾರ್ ತಂದೆಯ ಕಡೆಗೆ ತಿರುಗಿದ. "ಮೆಮರಿ ಕಾರ್ಡ್ ಅಂತಲೇ ಬರೆದಿದ್ರೆ ಏನಾಗ್ತಿತ್ತು ಅಪ್ಪ?"

"ಅದು ಕನ್ನಡವೇನೋ?"

"ಅಂಗಡಿಯೋನು ಕನ್ನಡದವನೇ. ಹೋಗಿ ಸ್ಮೃತಿಪತ್ರಿಕೆ ಕೊಡಿ ಅನ್ನಿ. ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿಗೆ ಕಳಿಸ್ತಾನೆ."

ಅಡುಗೆಮನೆಯಿಂದ ಜಗದಾಂಬಾ ಅವರ ದನಿ ಬಂತು. "ರೀ, ಗುರುದೇವಿ ಎರಡು ಸಲ ಫೋನ್ ಮಾಡಿದ್ಲು. ಫೋಟೋ ಎಲ್ಲಿ ಅಂತಾಳೆ. ಮತ್ತೆ ಆರು ವರ್ಷ ಕಾಯೋಕೆ ನನ್ನ ಕೈಲಾಗಲ್ಲ."

"ನಾನು ಮಾತಾಡಿ ಕ್ಷಮೆ ಕೇಳ್ತೀನಿ ಅತ್ತೆ," ಎಂದು ಚೇತನಾ ಎದ್ದಳು.

"ಬೇಡ," ಎಂದರು ಬಸವಲಿಂಗಪ್ಪ. "ಬಾಯಿಮಾತು ಅಪಾರ್ಥಕ್ಕೆ ಎಡೆ. ಇಂಥ ಸಂಗತಿಯನ್ನು ಬರವಣಿಗೆಯಲ್ಲಿ ತಿಳಿಸುವುದು ಕ್ರಮ."

ಕನ್ನಡಕವನ್ನು ಒರೆಸಿ ಹಾಕಿಕೊಂಡು, ಮೊಬೈಲಿನ ಮೇಲೆ ತೋರುಬೆರಳೊಂದರಿಂದಲೇ ಹತ್ತು ನಿಮಿಷ ಶ್ರಮಿಸಿದರು. ಕಳಿಸಿಯಾದ ಮೇಲೆ, ತಲೆಯ ಭಾರ ಇಳಿಸಿದವರಂತೆ ಮಗನಿಗೆ ಮೊಬೈಲ್ ಚಾಚಿದರು. "ನೋಡು. ಈ ಸಲ 'ಶ್ರೀಮತಿ' ಬಿಟ್ಟಿಲ್ಲ."

ಬಸವಕುಮಾರ್ ಓದಿದ: 'ಶ್ರೀಮತಿ ಗುರುದೇವಿಯವರಿಗೆ. ತಾವು ನಮ್ಮ ಮನೆಯಲ್ಲಿ ಇಂದು ಕ್ಷಣಕಾಲ ಗೋಚರಿಸಿ ಲಯಿಸಿದಿರೆಂದು ತಿಳಿಸಲು ವಿಷಾದಿಸುತ್ತೇನೆ.'

"ಅಪ್ಪ," ಎಂದ ಅವನು, ಮೆಲ್ಲಗೆ. "ಚಿಕ್ಕಮ್ಮ ಇನ್ನೂ ಬದುಕಿದಾರೆ."

ಸಂದೇಶದ ಕೆಳಗಿನ ಎರಡು ಟಿಕ್ ಗುರುತುಗಳೂ ಆಗಲೇ ನೀಲಿಗೆ ತಿರುಗಿದ್ದವು.